ನೀಲವ್ವ ಹೇರಿದ ಗಾಡಿ

ಹೊಳೆಯ ದಂಡೆಗೆ ಒಂದು ಮಠ. ಮಠಕ್ಕೆ ಒಬ್ಬರು ಗುರುಗಳು, ಒಂದು ಎಣ್ಣೆಗಾಣ, ಒಂದು ಹಿಟ್ಟಿನ ಗಿರಣಿ, ಎರಡು ಟೆಂಪೋ.

ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಟೆಂಪೋಗಳನ್ನು ಗಾಡಿ ಅನ್ನುತ್ತಿದ್ದರು.

ಆ ಮಠದಲ್ಲಿ ಕೂತು ಉಣ್ಣುವ ಶಿಷ್ಯರಿರಲಿಲ್ಲ. ಬೆಳಗಿನ ಹೊತ್ತು ಒಬ್ಬ ಗಾಣ ನೋಡಿಕೊಳ್ಳಬೇಕು, ಒಬ್ಬ ಹಿಟ್ಟು ಬೀಸಬೇಕು, ಒಬ್ಬ ಕಷಾಯ ಕುದಿಸಿ ಬಾಟಲಿಗೆ ತುಂಬಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಬೇವಿನ ಮರದ ಕೆಳಗೆ ಪಾಠ. ದುಡಿದು ಬೆವರು ಆರದವನಿಗೆ ಪಾಠ ಬೇಗ ಹತ್ತುತ್ತದೆ ಎಂದು ಅಜ್ಜಾರ ನಂಬಿಕೆ.

ಎಣ್ಣೆ, ಹಿಟ್ಟು, ಕಷಾಯಗಳನ್ನು ಹಳ್ಳಿಗಳ ಶಾಲೆಗಳಿಗೆ, ಕೈಲಾಗದ ಮುದುಕರ ಮನೆಗಳಿಗೆ ಮುಟ್ಟಿಸುವುದು ಇಬ್ಬರು ಶಿಷ್ಯರ ಕೆಲಸ. ಹೊಳೆಯ ಈಚೆಯ ಒಂಬತ್ತು ಹಳ್ಳಿ ದುಂಡಪ್ಪನಿಗೆ. ಆಚೆಯ ಒಂಬತ್ತು ಹಳ್ಳಿ ಅಡಿವೆಪ್ಪನಿಗೆ.

ದುಂಡಪ್ಪ ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಅಡಿವೆಪ್ಪ ಬಂದು ಹನ್ನೊಂದು ತಿಂಗಳು. ಜಗಳವಿಲ್ಲದೆ ಹೊಟ್ಟೆ ಉರಿಯುವುದಕ್ಕೆ ಇಷ್ಟೇ ಸಾಕು.

ದುಂಡಪ್ಪ ಮೊದಲು ಲಾರಿ ಓಡಿಸುತ್ತಿದ್ದವನು. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದ ಕೈ. ಒಂದು ದಿನ ಉಳ್ಳಾಗಡ್ಡಿ ಹೇರಿಕೊಂಡು ದೂರದ ಕೊಚ್ಚಿಗೆ ಹೊರಟಾಗ ಹೆಂಡತಿ ಗಂಗವ್ವನ ಜೊತೆ ಜಗಳವಾಯಿತು. ಬುತ್ತಿಯ ಚಟ್ನಿಗೆ ಉಪ್ಪು ಕಡಿಮೆ ಬಿದ್ದಿತ್ತು, ಅಷ್ಟೇ ಕಾರಣ. ಇವನು ಅನ್ನಬಾರದ ಮಾತು ಅಂದ. ಬುತ್ತಿಯ ಗಂಟನ್ನು ಅಂಗಳಕ್ಕೆ ಒಗೆದು ಲಾರಿ ಹತ್ತಿದ.

ನಾಲ್ಕನೆಯ ದಿನ ಗಂಗವ್ವ ಜ್ವರದಲ್ಲಿ ತೀರಿಕೊಂಡಳು. ಇವನು ಬರುವ ಹೊತ್ತಿಗೆ ಮಣ್ಣು ಕೊಟ್ಟು ಮುಗಿದಿತ್ತು.

ಅವತ್ತಿನಿಂದ ದುಂಡಪ್ಪನಿಗೆ ಒಂದೇ ಪ್ರಶ್ನೆ. ಸತ್ತವರ ಹತ್ತಿರ ತಪ್ಪಾಯಿತು ಅಂತ ಹೇಗೆ ಕೇಳುವುದು?

ಆ ಪ್ರಶ್ನೆ ಕೇಳುವುದಕ್ಕೆಂದೇ ಅವನು ಅಜ್ಜಾರ ಹತ್ತಿರ ಬಂದಿದ್ದ. ಮೊದಲ ದಿನ ಜಗಳದ ಸುದ್ದಿ ಹೇಳಿದ, ಸಾವಿನ ಸುದ್ದಿ ಹೇಳಿದ, ಪ್ರಶ್ನೆ ಮಾತ್ರ ಗಂಟಲು ದಾಟಲಿಲ್ಲ.

"ಮತ್ತೇನರ ಐತೇನು ತಮ್ಮಾ?" ಎಂದರು ಅಜ್ಜಾರು.

"ಒಂದ ಮಾತ ಕೇಳೂದೈತ್ರಿ. ಈಗ ಬಾಯಿಗೆ ಬರವಲ್ದು."

"ಬಂದಾಗ ಕೇಳು. ಗಡಿಬಿಡಿ ಇಲ್ಲ."

ಗಡಿಬಿಡಿ ಇಲ್ಲ ಅಂದದ್ದೇ ತಪ್ಪಾಯಿತು. ಇವತ್ತು ಬೇಡ, ನಾಳೆ ಕೇಳಿದರಾಯಿತು, ಅಜ್ಜಾರು ಎಲ್ಲಿಗೆ ಹೋಗುತ್ತಾರೆ ಅನ್ನುತ್ತ ಹನ್ನೊಂದು ವರ್ಷ ಕಳೆದವು. ನಾಳೆ ಅಂದವನ ಮನೆ ಹಾಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಆ ವರ್ಷ ಎಳ್ಳಮಾವಾಸ್ಯೆಯ ದಿನ ಪಾಠ ಮುಗಿಸಿ ಅಜ್ಜಾರು ಒಂದು ಮಾತು ಹೇಳಿದರು.

"ಬನದ ಹುಣ್ಣಿಮಿ ದಿನ ಕಡೀ ಪಾಠ. ಅವತ್ತ ಗಂಟಿ ಬಡದ ಮ್ಯಾಲ ನಾ ಮಾತಾಡಂಗಿಲ್ಲ. ಇರೂತನಕ ಮೌನ."

ಕೆಲವರು ಅತ್ತರು.

"ಅಳೂದ್ಯಾಕ? ಇನ್ನೂ ಹದಿನೈದ ದಿನ ಅದಾವ. ಹುಣ್ಣಿಮಿ ದಿನ ಒಬ್ಬೊಬ್ಬರು ಒಂದೊಂದ ಕೇಳ್ರಿ. ಒಂದ ಅಂದ್ರ ಒಂದ. ತಿಳದಷ್ಟು ಹೇಳ್ತೀನಿ."

ಈ ಸುದ್ದಿ ದುಂಡಪ್ಪನಿಗೆ ಅಡಿವೆಪ್ಪನ ಬಾಯಿಂದ ಗೊತ್ತಾಯಿತು. ಯಾಕೆಂದರೆ ಅವತ್ತೂ ಅವನು ಬರುವ ಹೊತ್ತಿಗೆ ಪಾಠ ಮುಗಿದು ಹೋಗಿತ್ತು.

"ನಿನಗ ಗೊತ್ತಾಗಲಿ ಅಂತ ಹೇಳಿದೆ ಅಣ್ಣಾ," ಎಂದ ಅಡಿವೆಪ್ಪ.

ಪ್ರಶ್ನೆ ಕೇಳಲು ಉಳಿದದ್ದು ಹದಿನೈದೇ ದಿನ. ಆದರೆ ಅದಕ್ಕಿಂತ ಮೊದಲು ದುಂಡಪ್ಪನಿಗೆ ಅನಿಸಿದ್ದು ಬೇರೆ. ಅಜ್ಜಾರ ಇಷ್ಟು ದೊಡ್ಡ ಮಾತನ್ನು ನಾನು ಈ ನಿನ್ನೆ ಮೊನ್ನೆ ಬಂದವನ ಬಾಯಿಂದ ಕೇಳಬೇಕಾಯಿತಲ್ಲ.

ದುಂಡಪ್ಪ ದಿನವೂ ತಡವಾಗಿ ಯಾಕೆ ಬರುತ್ತಿದ್ದ? ಅವನನ್ನು ಕೇಳಿದರೆ ಒಂದೇ ಉತ್ತರ. ನೀಲವ್ವ.

ನೀಲವ್ವ ಎರಡೂ ಗಾಡಿಗೆ ಮಾಲು ಹೇರುವವಳು. ಐವತ್ತು ದಾಟಿದ ಹೆಂಗಸು, ಹಿಂದೆ ಪೇಟೆಯಲ್ಲಿ ಹಮಾಲಿ ಮಾಡಿದವಳು. ಅರವತ್ತು ಕಿಲೋ ಚೀಲವನ್ನು ಮಗುವನ್ನು ಎತ್ತಿದಂತೆ ಎತ್ತಿ ಇಡುತ್ತಿದ್ದಳು. ಮಾತು ಕಡಿಮೆ.

ಗಾಡಿ ಹೇರುವುದಕ್ಕೆ ಒಂದು ಕ್ರಮವಿದೆ. ಕಡೆಯ ಊರಿನ ಮಾಲು ಮೊದಲು ಒಳಗೆ ಹೋಗಬೇಕು. ಮೊದಲ ಊರಿನ ಮಾಲು ಕೊನೆಗೆ, ಬಾಗಿಲ ಹತ್ತಿರ ಕೂರಬೇಕು. ಹಾಗೆ ಹೇರಿದ ಗಾಡಿಯಲ್ಲಿ ಊರು ಬಂದಂತೆ ಬಾಗಿಲು ತೆಗೆದರೆ ಸಾಕು, ಬೇಕಾದದ್ದು ಕೈಗೆ ಸಿಗುತ್ತದೆ. ತಲೆಕೆಳಗಾಗಿ ಹೇರಿದರೆ ಒಂದು ಡಬ್ಬಿ ಎಣ್ಣೆಗೆ ಇಡೀ ಗಾಡಿ ಇಳಿಸಿ ಮತ್ತೆ ಏರಿಸಬೇಕು. ಒಂಬತ್ತು ಊರಿಗೆ ಒಂಬತ್ತು ಸಲ.

ದುಂಡಪ್ಪನ ಗಾಡಿ ಏಳು ತಿಂಗಳಿಂದ ತಲೆಕೆಳಗಾಗಿತ್ತು.

ಅದಕ್ಕೆ ಮೊದಲು ಅವನು ಮಠದ ಬಾಗಿಲಿಂದ ಬಲಕ್ಕೆ ಹೊರಳಿ, ಹತ್ತಿರದ ಹುಣಸಿಕಟ್ಟಿಯಿಂದ ಶುರುಮಾಡಿ, ದೂರದ ಬೆಂಚಿಗೇರಿಯಲ್ಲಿ ಮುಗಿಸಿ ಬರುತ್ತಿದ್ದ. ಅಡಿವೆಪ್ಪ ಬಂದು ದಿನವೂ ಪಾಠಕ್ಕೆ ಮುಂಚೆ ಹಾಜರಾಗತೊಡಗಿದ ಮೇಲೆ ದುಂಡಪ್ಪ ಒಂದು ಲೆಕ್ಕ ಹಾಕಿದ. ಬೆಂಚಿಗೇರಿಗೇ ಮೊದಲು ಹೋಗಿಬಿಟ್ಟರೆ ಕೊನೆಗೆ ಹುಣಸಿಕಟ್ಟಿ ಉಳಿಯುತ್ತದೆ. ಹುಣಸಿಕಟ್ಟಿಯಿಂದ ಬೇವಿನ ಮರಕ್ಕೆ ಐದು ನಿಮಿಷ. ಅವನಿಗಿಂತ ಮೊದಲು ನಾನೇ ಕೂತಿರುತ್ತೇನೆ.

ಮರುದಿನದಿಂದ ಎಡಕ್ಕೆ ಹೊರಳಿದ. ಅಡುಗೆಯವನಿಗೆ ಹೇಳಿದ, ಗಾಣದವನಿಗೆ ಹೇಳಿದ. ನೀಲವ್ವನಿಗೆ ಹೇಳಲಿಲ್ಲ. ಹೊರಳುವುದನ್ನು ಅವಳು ಕಣ್ಣಾರೆ ನೋಡುತ್ತಾಳಲ್ಲ, ಮತ್ತೇನು ಹೇಳುವುದು?

ನೀಲವ್ವ ಬಾಗಿಲು ಹಾಕಿ, ತಾಡಪತ್ರಿ ಎಳೆದು, ಹಗ್ಗ ಬಿಗಿದ ಕೂಡಲೇ ಗಿರಣಿಯೊಳಗೆ ಹೋಗಿಬಿಡುತ್ತಿದ್ದಳು. ಗಾಡಿ ಎಡಕ್ಕೆ ಹೋಯಿತೋ ಬಲಕ್ಕೆ ಹೋಯಿತೋ ಅವಳೇನು ಕಂಡಾಳು.

ಮೊದಲ ದಿನವೇ ಬೆಂಚಿಗೇರಿಯಲ್ಲಿ ಎಲ್ಲವನ್ನೂ ಇಳಿಸುವ ಗಡಿಬಿಡಿಯಲ್ಲಿ ಕಷಾಯದ ಬಾಟಲಿಗಳು ಬಿದ್ದು ಒಡೆದವು. ದುಂಡಪ್ಪ ವಾಪಸು ಬಂದವನೇ ಹತ್ತು ಮಂದಿಯ ಮುಂದೆ ಅವಳನ್ನು ನಿಲ್ಲಿಸಿ ಬೈದ.

"ಚೀಲಾ ಹೊತ್ತ ಹೊತ್ತ ನಿನ್ನ ತಲಿ ಚಪ್ಪಟಿ ಆಗೇತಿ. ಬುದ್ಧಿ ಎಲ್ಲಿಂದ ಬರಬೇಕು?"

ನೀಲವ್ವ ಅವನನ್ನು ಒಂದು ಸಲ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಅವಳು ಹೇರುತ್ತಿದ್ದಳು, ಇವನು ಹಲ್ಲು ಕಚ್ಚಿ ಒಯ್ಯುತ್ತಿದ್ದ.

ಮಾಲು ತಲೆಕೆಳಗಾದರೆ ಬೆನ್ನು ನೋಯುತ್ತದೆ, ನಿಜ. ಆದರೆ ದುಂಡಪ್ಪನಿಗೆ ಬೆನ್ನಿಗಿಂತ ಹೆಚ್ಚು ನೋಯುತ್ತಿದ್ದದ್ದು ಅಡಿವೆಪ್ಪನ ಗಾಡಿ. ಅದನ್ನು ಅವನು ಕದ್ದು ನೋಡುತ್ತಿದ್ದ. ಹಿಟ್ಟಿನ ಚೀಲ ಕೆಳಗೆ, ಎಣ್ಣೆಯ ಡಬ್ಬಿ ನಡುವೆ, ಬಾಟಲಿಗಳು ಹುಲ್ಲಿನ ಮೇಲೆ. ಮದುವೆ ಮನೆಯಲ್ಲಿ ಸಾಲಾಗಿ ಇಟ್ಟ ರುಖವತದ ತಿಂಡಿಗಳ ಹಾಗೆ ನೀಲವ್ವ ಒಪ್ಪವಾಗಿ ಜೋಡಿಸಿರುತ್ತಿದ್ದಳು.

ಸಂಜೆ ಹೊತ್ತು ಅಡಿವೆಪ್ಪ ಚಹಾದ ಲೋಟ ಹಿಡಿದು ನೀಲವ್ವನ ಹತ್ತಿರ ಹೋಗುತ್ತಿದ್ದ. "ಅಕ್ಕಾ" ಎಂದು ಕರೆದು ಅದೇನೋ ಬೆರಳು ಮಡಚಿ ಹೇಳುತ್ತಿದ್ದ. ಅವಳು ತಲೆಯಾಡಿಸಿ ನಗುತ್ತಿದ್ದಳು. ದೂರದ ಕಟ್ಟೆಯ ಮೇಲೆ ಕೂತ ದುಂಡಪ್ಪನಿಗೆ ಮಾತು ಕೇಳಿಸುತ್ತಿರಲಿಲ್ಲ, ನಗು ಕೇಳಿಸುತ್ತಿತ್ತು.

"ನೋಡ, ಬೆಣ್ಣಿ ಹಚ್ಚಾಕತ್ತಾನ," ಎಂದು ಪಕ್ಕದವರಿಗೆ ಹೇಳುತ್ತಿದ್ದ.

ಬೇವಿನ ಮರದ ಬುಡದಲ್ಲಿ ಒಂದು ದಪ್ಪ ಬೇರು ಮೇಲೆದ್ದಿತ್ತು. ಅಜ್ಜಾರ ಗದ್ದುಗೆಗೆ ಅದೇ ಎಲ್ಲಕ್ಕಿಂತ ಹತ್ತಿರದ ಜಾಗ. ಹತ್ತು ವರ್ಷ ದುಂಡಪ್ಪ ಅಲ್ಲಿ ಕೂತಿದ್ದ. ಈಗ ಅಡಿವೆಪ್ಪ ಕೂರುತ್ತಿದ್ದ. ಪಾಠದ ಕೊನೆಗೆ ಏದುಸಿರು ಬಿಡುತ್ತ ಬಂದು ಹಿಂದಿನ ಸಾಲಿನಲ್ಲಿ ನಿಲ್ಲುವ ದುಂಡಪ್ಪನಿಗೆ ಆ ಬೇರು ಕಂಡರೆ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು. ಅದು ಅಸೂಯೆ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದರೆ ಹೋಗಿಬಿಡುವ ರೋಗವಲ್ಲ ಅದು.

ಎಳ್ಳಮಾವಾಸ್ಯೆ ಕಳೆದ ಮೂರನೆಯ ಬೆಳಿಗ್ಗೆ ದುಂಡಪ್ಪ ಗಟ್ಟಿಮನಸ್ಸು ಮಾಡಿದ. ಹುಣ್ಣಿಮೆಯವರೆಗೆ ಯಾಕೆ ಕಾಯಬೇಕು, ಈಗಲೇ ಕೇಳಿಬಿಡುತ್ತೇನೆ ಎಂದು ಹೊಳೆಗೆ ಹೋದ.

ಅಜ್ಜಾರು ಧೋತರ ಒಗೆಯುತ್ತಿದ್ದರು. ಸುತ್ತ ಯಾರೂ ಇರಲಿಲ್ಲ.

"ಬಾ ತಮ್ಮಾ. ಏನ್ ಸುದ್ದಿ?"

ದುಂಡಪ್ಪ ಬಾಯಿ ತೆರೆದ. ಗಂಗವ್ವನ ಹೆಸರು ನಾಲಿಗೆಯ ತುದಿಗೆ ಬಂದಿತ್ತು.

"ಅಜ್ಜಾರ, ಆ ನೀಲವ್ವ ನನ್ನ ಗಾಡಿ ಬೇಕಂತ ಕೆಡಸಾಕತ್ತಾಳ್ರಿ."

ಬಂದದ್ದು ಇದು. ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಬೆಂಚಿಗೇರಿಯ ಮಾಲು ಎಲ್ಲಕ್ಕಿಂತ ಒಳಗೆ ಹಾಕುತ್ತಾಳೆ. ಅಡಿವೆಪ್ಪನದು ಮಾತ್ರ ಹೂವಿನ ಹಾಗೆ ಹೇರುತ್ತಾಳೆ. ಅವನು ಬೆಣ್ಣೆ ಹಚ್ಚುತ್ತಾನೆ, ನನಗೆ ಬರುವುದಿಲ್ಲ. ಅವನು ಪಾಠ ಕೇಳುತ್ತಾನೆ, ನಾನು ಚೀಲ ಹೊರುತ್ತೇನೆ.

ಅಜ್ಜಾರು ಎಲ್ಲವನ್ನೂ ಕೇಳಿದರು. ಒದ್ದೆ ಧೋತರದ ಒಂದು ತುದಿ ಅವನ ಕೈಗೆ ಕೊಟ್ಟು ಇನ್ನೊಂದು ತುದಿ ತಾವು ಹಿಡಿದರು.

"ಹಿಂಡು."

ದುಂಡಪ್ಪ ತಿರುವಿದ. ಅಜ್ಜಾರೂ ತಿರುವಿದರು. ಧೋತರ ಸುಮ್ಮನೆ ಗಿರಗಿರನೆ ತಿರುಗಿತು. ಒಂದು ಹನಿ ನೀರು ಬೀಳಲಿಲ್ಲ.

"ಬಿಗಿ ತಿರುವು," ಎಂದರು ಅಜ್ಜಾರು.

ಬಿಗಿಯಾಗಿ ತಿರುವಿದ. ಇನ್ನೂ ಜೋರಾಗಿ ತಿರುಗಿತು.

"ಅಜ್ಜಾರ, ನಾ ತಿರುವಿದ ಕಡೇನ ನೀವೂ ತಿರುವಾಕತ್ತೀರಿ. ಹಿಂಗಾದ್ರ ಹೆಂಗ ಹಿಂಡತೈತ್ರಿ?"

"ನೀ ಯಾ ಕಡೆ ತಿರುವ್ತಿ ಅಂತ ನನಗೇನ್ ಗೊತ್ತು?"

"ಕಣ್ಣಿಗೆ ಕಾಣಸ್ತದಲ್ರಿ."

"ನನ್ನ ಕಣ್ಣು ನನ್ನ ಕೈ ಮ್ಯಾಲಿತ್ತು. ಈಗ ಏನ್ ಮಾಡೂಣು?"

"ನಾ ಈ ಕಡೆ, ನೀವು ಆ ಕಡೆ. ಇಷ್ಟ ಮೊದಲ ಮಾತಾಡಿಕೊಂಡಿದ್ರ ಆಗ್ತಿತ್ತು."

"ಹೌದಲ್ಲ," ಎಂದರು ಅಜ್ಜಾರು. ಈ ಸಲ ಎದುರು ದಿಕ್ಕಿಗೆ ತಿರುವಿದರು. ನೀರು ದಬದಬ ಸುರಿಯಿತು. ಧೋತರ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದರು.

ದುಂಡಪ್ಪ ಅಲ್ಲೇ ನಿಂತ. ಪಾಪ, ಅಜ್ಜಾರಿಗೆ ವಯಸ್ಸಾಯಿತು, ಧೋತರ ಹಿಂಡುವುದೂ ಮರೆತುಹೋಗಿದೆ ಎಂದುಕೊಂಡ. ಕೈಯಲ್ಲೇ ಇಟ್ಟ ಉತ್ತರವನ್ನು ಹೊಳೆಗೆ ಬಿಟ್ಟು ಗಾಡಿ ಹತ್ತಿದ.

ಹುಣ್ಣಿಮೆಗೆ ಐದು ದಿನ ಉಳಿದಾಗ ಅಜ್ಜಾರು ಬೆಳಿಗ್ಗೆ ಗಿರಣಿಯ ಅಂಗಳಕ್ಕೆ ಬಂದರು. ಎರಡೂ ಗಾಡಿಗೆ ಹೇರಿ ಮುಗಿದಿತ್ತು.

"ಇವತ್ತ ಗಾಡಿ ಅದಲಬದಲ ಮಾಡ್ರಿ. ದುಂಡಪ್ಪ ಆ ಕಡೀ ದಂಡಿಗೆ ಹೋಗಲಿ, ಅಡಿವೆಪ್ಪ ಈ ಕಡೀ ದಂಡಿಗೆ."

ದುಂಡಪ್ಪನಿಗೆ ಹಬ್ಬವಾಯಿತು. ಒಂದೇ ನೆಗೆತಕ್ಕೆ ಅಡಿವೆಪ್ಪನ ಗಾಡಿ ಹತ್ತಿ ಕೂತ. ಹೂವಿನ ಹಾಗೆ ಹೇರಿದ ಗಾಡಿ, ಇವತ್ತು ನನ್ನದು.

ಅಡಿವೆಪ್ಪ ಹತ್ತಲಿಲ್ಲ. ಗಿರಣಿಯ ಬಾಗಿಲಿಗೆ ಹೋಗಿ ಒಳಗೆ ಇಣುಕಿದ.

"ಅಕ್ಕಾ, ಇವತ್ತ ನಾ ದುಂಡಪ್ಪಣ್ಣನ ಗಾಡಿ ಒಯ್ತೀನಿ. ಯಾವ ಊರ ಮೊದಲ?"

ನೀಲವ್ವ ಹೊರಗೆ ಬಂದು ಹೇಳತೊಡಗಿದಳು. "ಹುಣಸಿಕಟ್ಟಿ ಮೊದಲ. ಬೆಂಚಿಗೇರಿ ಕಡೀಕ."

ಆ ಹೊತ್ತಿಗೆ ದುಂಡಪ್ಪ ಸೇತುವೆ ಹತ್ತಿದ್ದ. ದಾರಿ ಕೇಳುವ ದರ್ದು ಅವನಿಗಿರಲಿಲ್ಲ. ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವನು ಒಂಬತ್ತು ಹಳ್ಳಿ ಹುಡುಕಲಾರನೇ?

ಮೊದಲು ಕಂಡ ಊರಿಗೆ ನುಗ್ಗಿದ. ಬಾಗಿಲು ತೆಗೆದ. ಎದುರಿಗೆ ಇದ್ದದ್ದು ಬೇರೆ ಊರಿನ ಮಾಲು. ಎರಡನೆಯ ಊರಿನಲ್ಲೂ ಹಾಗೆಯೇ. ಹೂವಿನ ಗಾಡಿ ಮೂರನೆಯ ಊರಿಗೆ ಮುಟ್ಟುವ ಹೊತ್ತಿಗೆ ಸಂತೆ ಎದ್ದ ಬಯಲಿನಂತಾಗಿತ್ತು.

ಇನ್ನೊಂದು ಕಾಟ. ಹೋದಲ್ಲೆಲ್ಲ ಜನ ಬಾಗಿಲಿಗೆ ಬಂದು ಇವನ ಮುಖ ನೋಡಿ ಸಪ್ಪಗಾಗುತ್ತಿದ್ದರು.

"ಅಡಿವೆಪ್ಪ ಬರಲಿಲ್ಲೇನು? ಆರಾಮದಾನಿಲ್ಲೋ?"

"ಅದಾನ. ಕಲ್ಲಗುಂಡಿನಂಗ ಅದಾನ."

ಒಂದೂರಿನಲ್ಲಿ ಹಲ್ಲಿಲ್ಲದ ಮುದುಕಿಯೊಬ್ಬಳು ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿದ ಗಂಟು ಕೊಟ್ಟಳು. "ಅಡಿವೆಪ್ಪಗ ಕೊಡೋ ಯಪ್ಪಾ. ಅಂವಗ ಭಾಳ ಸೇರತೈತಿ."

ದುಂಡಪ್ಪ ಹೂಂ ಅಂದ. ಊರು ದಾಟಿದ ಮೇಲೆ ಗಾಡಿ ನಿಲ್ಲಿಸಿ ಗಂಟು ಬಿಚ್ಚಿ ತಾನೇ ತಿಂದ. ಹಸಿವಾಗಿತ್ತು ಅಂತಲ್ಲ. ಅಡಿವೆಪ್ಪನಿಗೆ ಸಿಗಬಾರದು ಅಂತ. ಚಟ್ನಿಗೆ ಉಪ್ಪು ಸರಿಯಾಗಿ ಬಿದ್ದಿತ್ತು. ಕೊನೆಯ ತುತ್ತು ಗಂಟಲಿಗೆ ಹಿಡಿಯಿತು, ಕಣ್ಣಲ್ಲಿ ನೀರು ಬಂತು. ಅದು ಯಾಕೆ ಬಂತು ಅಂತ ಅವನು ಯೋಚಿಸಲಿಲ್ಲ. ನೀರು ಕುಡಿದು ಗಾಡಿ ಬಿಟ್ಟ.

ಮಠಕ್ಕೆ ಬಂದಾಗ ಎರಡು ಗಂಟೆ. ಅವನ ಗಾಡಿ ಆಗಲೇ ಖಾಲಿಯಾಗಿ, ತೊಳೆದು, ನೆರಳಿಗೆ ನಿಂತಿತ್ತು. ಅಡಿವೆಪ್ಪ ಹನ್ನೊಂದೂವರೆಗೇ ಬಂದು ಬೇರಿನ ಮೇಲೆ ಕೂತು ಪಾಠ ಕೇಳಿದ್ದನಂತೆ.

ದುಂಡಪ್ಪ ನೇರವಾಗಿ ಅಜ್ಜಾರ ಮುಂದೆ ಹೋಗಿ ನಿಂತ.

"ಸಿಕ್ತಲ್ರಿ ಅಜ್ಜಾರ ಸಾಕ್ಷಿ."

"ಏನ್ ಸಾಕ್ಷಿ?"

"ಗಾಡಿ ನಂದು. ಊರ ನಂದು. ಇವತ್ತ ಒಂದ ದಿನ ಅಂವ ಓಡಿಸಿದ. ಓಡಿಸಾಂವ ಅಂವ ಅಂದ ಕೂಡ್ಲೆ ಆಕಿ ಚಂದಾಗಿ ಹೇರ್ಯಾಳ. ನಾ ಅಂವನ ಗಾಡಿ ಒಯ್ದೆ, ಅದನ್ನ ಕೆಡಸ್ಯಾಳ."

"ನಾ ಬದಲಿ ಮಾಡ್ರಿ ಅನ್ನೂದಕ್ಕ ಮೊದಲ ಹೇರೂದು ಮುಗದಿತ್ತಲ್ಲೋ."

ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರೆ. ಇವನು ನೆಲ ನೆಟ್ಟಗಿದ್ದದ್ದನ್ನು ಕಣ್ಣಾರೆ ಕಂಡೂ ಬಿಡಲಿಲ್ಲ.

"ಆಕಿಗೆ ಮೊದಲ ಹೆಂಗೋ ಗೊತ್ತಾಗಿರಬೇಕ್ರಿ."

ಅಜ್ಜಾರು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅವರ ಮುಖದಲ್ಲಿ ನಗುವಿರಲಿಲ್ಲ.

"ದುಂಡಪ್ಪ, ಹನ್ನೊಂದ ವರ್ಷದ ಹಿಂದ ಒಂದ ಮಾತ ಕೇಳೂದೈತಿ ಅಂದಿದ್ದಿ."

"ಹೌದ್ರಿ."

"ಬಾಯಿಗೆ ಬಂತೇನು?"

ದುಂಡಪ್ಪನ ತುಟಿ ಅಲುಗಿದವು. ಈಗ ಕೇಳಬಹುದಿತ್ತು. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಷ್ಟರಲ್ಲಿ ಗಿರಣಿಯ ಕಡೆಯಿಂದ ನಗು ಕೇಳಿಸಿತು. ಅಡಿವೆಪ್ಪ ಖಾಲಿ ಚೀಲ ಝಾಡಿಸುತ್ತಿದ್ದ. ನೀಲವ್ವ ಅವನ ತಲೆಯ ಮೇಲಿನ ಹಿಟ್ಟು ಸೆರಗಿನಿಂದ ಒರೆಸುತ್ತಿದ್ದಳು.

ದುಂಡಪ್ಪನ ಬಾಯಿ ಮುಚ್ಚಿತು.

"ಹುಣ್ಣಿಮಿ ದಿನ ಕೇಳ್ತೀನ್ರಿ," ಎಂದ.

"ಆತು," ಎಂದರು ಅಜ್ಜಾರು.

ಬನದ ಹುಣ್ಣಿಮೆ ಬಂತು.

ಅವತ್ತೂ ಗಾಡಿ ಹೋಗಲೇಬೇಕು. ಅಜ್ಜಾರ ಮಾತು ನಿಂತರೂ ಹಳ್ಳಿಯ ಮುದುಕರ ಹಸಿವು ನಿಲ್ಲುವುದಿಲ್ಲ. ದುಂಡಪ್ಪ ಒಂದು ತಾಸು ಮೊದಲೇ ಹೊರಟ. ಬಾಗಿಲಲ್ಲಿ ಬಲಕ್ಕೆ ಹೊರಳಬಹುದಿತ್ತು. ಮನಸ್ಸಿಗೆ ಬಂತು ಕೂಡ. ಆದರೆ ಬಲಕ್ಕೆ ಹೊರಳಿದರೆ ಆಕೆಯದೇ ಸರಿ ಅಂತಾಗುತ್ತದಲ್ಲ. ಎಡಕ್ಕೇ ಹೊರಳಿದ.

ದಾರಿಯುದ್ದಕ್ಕೂ ಪ್ರಶ್ನೆಯನ್ನು ಬಾಯಿಪಾಠ ಮಾಡಿದ. ಬೆಂಚಿಗೇರಿಯಲ್ಲಿ ಇಡೀ ಗಾಡಿ ಇಳಿಸುವಾಗಲೂ ಹೇಳಿಕೊಂಡ. ಸತ್ತವರ ಹತ್ತಿರ ತಪ್ಪಾತು ಅಂತ ಹೆಂಗ ಕೇಳೂದ್ರಿ ಅಜ್ಜಾರ? ಎರಡನೆಯ ಊರು, ಮೂರನೆಯ ಊರು. ಪ್ರತಿ ಚೀಲಕ್ಕೆ ಒಂದು ಸಲ. ಐದನೆಯ ಊರಿನಲ್ಲಿ ಎಣ್ಣೆಯ ಡಬ್ಬಿಯ ಮುಚ್ಚಳ ಕಿತ್ತು ಎದೆಯಿಂದ ಮೊಣಕಾಲಿನವರೆಗೆ ಎಣ್ಣೆಯಾಯಿತು. ಒರೆಸಿಕೊಳ್ಳಲು ನಿಲ್ಲಲಿಲ್ಲ. ನಾನು ಕೇಳಿಯೇ ತೀರುತ್ತೇನೆ ಗಂಗೀ, ಎಂದು ಗಾಡಿಯೊಳಗೆ ಗಟ್ಟಿಯಾಗಿಯೇ ಹೇಳಿದ. ಹನ್ನೊಂದು ವರ್ಷದಲ್ಲಿ ಅವಳ ಹೆಸರನ್ನು ಬಾಯಿಬಿಟ್ಟು ಅಂದದ್ದು ಅದೇ ಮೊದಲು.

ಮಠ ಮುಟ್ಟಿದಾಗ ಪಾಠ ಮುಗಿದಿತ್ತು. ಪ್ರಶ್ನೆಗಳೂ ಮುಗಿದಿದ್ದವು. ಗಾಣದ ಈರಯ್ಯ ಗಂಟೆಯ ಹಗ್ಗ ಹಿಡಿದು ನಿಂತಿದ್ದ.

"ಇನ್ನೊಬ್ಬ ಉಳದಾನ," ಎಂದು ಅಜ್ಜಾರು ಅವನನ್ನು ತಡೆದಿದ್ದರು.

ದುಂಡಪ್ಪ ಓಡಿ ಬಂದ. ಜನ ದಾರಿ ಬಿಟ್ಟರು.

ಅಡಿವೆಪ್ಪ ಬೇರಿನಿಂದ ಎದ್ದ. "ಬಾ ಅಣ್ಣಾ. ನಿನ್ನ ಜಾಗಾ. ನಿನ್ನ ಸಲುವಾಗಿ ಹಿಡಿದಿಟ್ಟೀನಿ."

ಏಳು ತಿಂಗಳಿಂದ ಹಂಬಲಿಸಿದ ಜಾಗ. ದುಂಡಪ್ಪ ಕೂತ. ಅಜ್ಜಾರ ಮುಖ ಎರಡು ಮೊಳ ದೂರದಲ್ಲಿತ್ತು. ಅವರು ಅವನನ್ನೇ ನೋಡುತ್ತಿದ್ದರು, ಎಷ್ಟು ಹೊತ್ತಾದರೂ ಕಾಯಬಲ್ಲೆ ಎನ್ನುವಂತೆ.

"ಕೇಳು ತಮ್ಮಾ."

ದುಂಡಪ್ಪ ಉಸಿರು ಎಳೆದುಕೊಂಡ. ಬೆನ್ನ ಹಿಂದೆ ಯಾರೋ ಪಿಸುಗುಟ್ಟಿದರು. "ಅಡಿವೆಪ್ಪಗ ಎಷ್ಟ ಚಂದ ಹೇಳಿದ್ರು ನೋಡು ಅಜ್ಜಾರು. ಅರ್ಧಾ ತಾಸು ಹೇಳಿದ್ರು."

ದುಂಡಪ್ಪನ ಕಣ್ಣು ಹೊರಳಿತು. ಅಡಿವೆಪ್ಪ ಪಕ್ಕದಲ್ಲಿ ನಿಂತಿದ್ದ. ಮೈಮೇಲೆ ಬಿಳಿ ಅಂಗಿ. ಇಸ್ತ್ರಿಯ ಗೆರೆ ಮುರಿದಿರಲಿಲ್ಲ. ಎಲ್ಲೂ ಒಂದು ಹನಿ ಎಣ್ಣೆ ಇರಲಿಲ್ಲ, ಒಂದು ಚಿಟಿಕೆ ಹಿಟ್ಟು ಇರಲಿಲ್ಲ.

ದುಂಡಪ್ಪ ತನ್ನ ಎದೆ ನೋಡಿಕೊಂಡ.

"ಅಜ್ಜಾರ," ಎಂದ. "ಆಕಿ ಅಂವನ ಗಾಡಿ ಅಷ್ಟ ಚಂದ ಹೇರತಾಳ. ನಂದ ಯಾಕ ಹಿಂಗ ಹೇರತಾಳ್ರಿ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನ ಕಿವಿಗೆ ಕೇಳಿಸಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಅಲ್ರಿ," ಎಂದ ದುಂಡಪ್ಪ. ಮುಖ ಬೂದಿಯಾಗಿತ್ತು. "ಇದಲ್ರಿ ಅಜ್ಜಾರ. ನಾ ಕೇಳೂದು ಇದಲ್ರಿ. ನಾ ಕೇಳೂದು ಬ್ಯಾರೇನ ಐತ್ರಿ."

ಅಜ್ಜಾರು ಕೈ ಎತ್ತಿದರು. ಒಂದು ಅಂದರೆ ಒಂದು. ಅದು ಅವರದೇ ಮಾತು.

ದುಂಡಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಭುಜ ಅಲುಗತೊಡಗಿದವು. ಅಡಿವೆಪ್ಪ ಬಗ್ಗಿ ಅವನ ಬೆನ್ನ ಮೇಲೆ ಕೈ ಇಟ್ಟ. ಎಣ್ಣೆ ಅವನ ಬಿಳಿ ತೋಳಿಗೂ ಹತ್ತಿತು.

ಅಜ್ಜಾರು ದುಂಡಪ್ಪನನ್ನು ನೋಡಿದರು. ಆಮೇಲೆ ಅವರ ಕಣ್ಣು ಹೆಂಗಸರ ಸಾಲಿನ ಕೊನೆಗೆ ಹೋಯಿತು. ಅಲ್ಲಿ ನೀಲವ್ವ ಮಡಿಲಲ್ಲಿ ಕೈ ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು.

ಈರಯ್ಯ ಹಗ್ಗ ಎಳೆಯುವುದಕ್ಕೆ ಕೈ ಮೇಲೆ ಎತ್ತಿದ.

ಅಜ್ಜಾರು ಮುಂದಕ್ಕೆ ಬಾಗಿದರು.

"ಆಕಿ ಇನ್ನೂ ಅದಾಳಲ್ಲೋ ತಮ್ಮಾ. ಆಕಿನ್ನ ಕೇಳು."